ಹೆಗಲ ಬ್ಯಾಗ್ ಇಳಿಸುವ ಮುಂಚೆ: ನಲವತ್ತರ ಹೊತ್ತಿಗೆ ಮಾರ್ಕೆಟಿಂಗ್ ಬಿಟ್ಟು ಸಾಫ್ಟ್‌ವೇರ್‌ಗೆ ಬರುವವರ ಲೆಕ್ಕ

ತುಮಕೂರಿನಲ್ಲಿ ಯಾರಾದರೂ "ಮಾರ್ಕೆಟಿಂಗ್‌ನಲ್ಲಿದ್ದೀನಿ" ಅಂದರೆ ಅವರಿಗೆ ಒಂದು ಬೈಕು, ಹೆಗಲಿಗೊಂದು ಬ್ಯಾಗು, ತಿಂಗಳಿಗೊಂದು ಟಾರ್ಗೆಟ್ ಇದೆ ಅಂತ ಅರ್ಥ. ಔಷಧಿ ಕಂಪನಿಯ ಎಂಆರ್ (ಡಾಕ್ಟರ ಹತ್ತಿರ ಹೋಗಿ ಕಂಪನಿಯ ಔಷಧಿ ಪರಿಚಯಿಸುವ ಪ್ರತಿನಿಧಿ) ಇರಬಹುದು, ಬಿತ್ತನೆ ಬೀಜ ಮಾರುವವರು ಇರಬಹುದು. ಟೈಲ್ಸ್, ಸಿಮೆಂಟು, ಪೇಂಟು, ಇನ್ಶೂರೆನ್ಸ್ ಯಾವುದಾದರೂ ಸರಿ. ಸೋಮವಾರ ಗುಬ್ಬಿ, ತಿಪಟೂರು. ಮಂಗಳವಾರ ಕುಣಿಗಲ್. ಬುಧವಾರ ಶಿರಾ. ತಿಂಗಳಿಗೆ ಎರಡು ಸಲ ಪಾವಗಡದ ಬಿಸಿಲು. ನಾನು ಹೀಗೆ 14 ವರ್ಷ ಎಂಆರ್ ಆಗಿ ತಿರುಗಿದವನು. 37ನೇ ವಯಸ್ಸಿನಲ್ಲಿ ಬೆಳಗಿನ ಜಾವ ಕೋಡಿಂಗ್ ಕಲಿಯಲು ಕೂತೆ. 39 ತುಂಬುವ ಹೊತ್ತಿಗೆ ಕೆಲಸ ಬದಲಾಯಿಸಿದೆ. ಈಗ ಔಷಧಿ ಸ್ಟಾಕಿಸ್ಟ್‌ಗಳಿಗೆ, ಅಂದರೆ ಸಗಟು ವ್ಯಾಪಾರಿಗಳಿಗೆ, ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ನಾಲ್ಕನೇ ವರ್ಷ.

ಕಳೆದ ಒಂದೆರಡು ವರ್ಷದಿಂದ ಹಳೆಯ ಜೊತೆಗಾರರು ಒಬ್ಬೊಬ್ಬರೇ ಬಂದು ಕೇಳುತ್ತಿದ್ದಾರೆ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಕೇಳುತ್ತಾರೆ, ಬಟವಾಡಿಯಲ್ಲಿ ಟೀ ಕುಡಿಯುವಾಗ ಕೇಳುತ್ತಾರೆ. ಪ್ರಶ್ನೆ ಒಂದೇ. "ಅಣ್ಣ, ಈ ವಯಸ್ಸಲ್ಲಿ ಕೋಡಿಂಗ್ ಕಲಿಯಕ್ಕಾಗತ್ತಾ?"

ಆಗುತ್ತದೆ. ಆದರೆ ನನ್ನ ಅನುಭವದಲ್ಲಿ ಕಷ್ಟ ಇರುವುದು ಕಲಿಯುವುದರಲ್ಲಿ ಅಲ್ಲ, ಕಲಿತ ಮೇಲೆ ಯಾವ ಬಾಗಿಲು ತಟ್ಟಬೇಕು ಅನ್ನುವುದರಲ್ಲಿ. ಅಲ್ಲಿಯ ತನಕ ಮನೆ ಎಷ್ಟು ತಿಂಗಳು ತಡೆಯುತ್ತದೆ ಅನ್ನುವುದೂ ಅಷ್ಟೇ ದೊಡ್ಡ ಪ್ರಶ್ನೆ. ಇವೆರಡನ್ನು ಕೇಳದೆ, ಕಲಿಯಲು ಆಗತ್ತಾ ಅಂತಷ್ಟೇ ಕೇಳಿ ಹೊರಟವರು ನಡುನೀರಿನಲ್ಲಿ ನಿಂತಿದ್ದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾಕೆ ಈಗ ಇಷ್ಟು ಜನ ಹೊರಡುತ್ತಿದ್ದಾರೆ

ಫೀಲ್ಡ್ ಕೆಲಸ ಮೊದಲಿನ ಹಾಗಿಲ್ಲ. ನಾನು ಸೇರಿದಾಗ ದಿನದ ವರದಿಯನ್ನು ಕಾಗದದಲ್ಲಿ ಬರೆದು ವಾರಕ್ಕೊಮ್ಮೆ ಕಳಿಸುತ್ತಿದ್ದೆವು. ಈಗ ಎಲ್ಲದಕ್ಕೂ ಆ್ಯಪ್ ಇದೆ. ಡಾಕ್ಟರ ಕ್ಲಿನಿಕ್ ಮುಂದೆ ನಿಂತೇ ವರದಿ ಹಾಕಬೇಕು, ನಿಂತ ಜಾಗವೂ ಅದರ ಜೊತೆ ಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧಿ ಮಾರಾಟದ ನಡವಳಿಕೆಗೆ ಹೊಸ ಸಂಹಿತೆ ತಂದಿತು. ಡಾಕ್ಟರಿಗೆ ಉಡುಗೊರೆ ಕೊಡುವಂತಿಲ್ಲ. ಒಬ್ಬ ಡಾಕ್ಟರಿಗೆ ಒಂದು ಔಷಧಿಯ ಸ್ಯಾಂಪಲ್ ವರ್ಷಕ್ಕೆ 12 ಪ್ಯಾಕ್ ದಾಟುವಂತಿಲ್ಲ. ರೋಗಿಯ ಕಡೆಯಿಂದ ನೋಡಿದರೆ ಇದು ಬೇಕಾಗಿದ್ದ ನಿಯಮವೇ. ಆದರೆ ಉಡುಗೊರೆ ನಿಂತಿತು ಅಂತ ಕಂಪನಿ ಟಾರ್ಗೆಟ್ ಇಳಿಸಲಿಲ್ಲ. ಬರಿಗೈಯಲ್ಲಿ ಹೋಗಿ ಮೊದಲಿನಷ್ಟೇ ಸೇಲ್ಸ್ ತರುವ ಭಾರ ಬ್ಯಾಗ್ ಹೊತ್ತವನ ಮೇಲೆಯೇ ಬಿತ್ತು.

ಇನ್ನು ತಿಂಗಳ ಕೊನೆಯ ಕ್ಲೋಸಿಂಗ್. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. 30ನೇ ತಾರೀಕು ಟಾರ್ಗೆಟ್ ಮುಟ್ಟಲು ಸ್ಟಾಕಿಸ್ಟ್ ಕೈಕಾಲು ಹಿಡಿದು, ಮಾರಾಟವಾಗದ ಮಾಲನ್ನು ಅವರ ಗೋಡೌನಿಗೆ ಇಳಿಸುವುದು. ಮುಂದಿನ ತಿಂಗಳು ಅದೇ ಮಾಲು ವಾಪಸ್ ಬರುತ್ತದೆ. 25 ವರ್ಷದ ಹುಡುಗನಿಗೆ ಇದು ಓಟದ ಪಂದ್ಯದ ಹಾಗೆ ಕಾಣಬಹುದು. 40 ದಾಟಿದ ಮೇಲೆ ಬೆನ್ನು ನೋಯುತ್ತದೆ, ಸಕ್ಕರೆ ಕಾಯಿಲೆ ಶುರುವಾಗಿರುತ್ತದೆ, ಮ್ಯಾನೇಜರ್ ನಮಗಿಂತ ಹತ್ತು ವರ್ಷ ಚಿಕ್ಕವನಾಗಿರುತ್ತಾನೆ. ಮೇಲಕ್ಕೆ ಹೋಗಲು ಇರುವ ಕುರ್ಚಿಗಳೂ ಕಡಿಮೆ. ಹತ್ತು ಜನ ಎಂಆರ್‌ಗಳಲ್ಲಿ ಏರಿಯಾ ಮ್ಯಾನೇಜರ್ ಆಗುವವರು ಒಬ್ಬಿಬ್ಬರು. ಉಳಿದವರು ಏನು ಮಾಡಬೇಕು?

ತುಮಕೂರಿನವರಿಗೆ ಸಾಫ್ಟ್‌ವೇರ್ ದೂರದ ಲೋಕವೂ ಅಲ್ಲ. ಬೆಂಗಳೂರು 70 ಕಿಲೋಮೀಟರ್. ಪಕ್ಕದ ಮನೆಯ ಹುಡುಗಿ ಇದೇ ಊರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಕಂಪನಿ ಸೇರಿದ್ದಾಳೆ. ಕ್ಯಾತ್ಸಂದ್ರದಿಂದ ದಿನಾ ರೈಲು ಹತ್ತಿ ಹೋಗಿ ಬರುವವರಿದ್ದಾರೆ. 2024ರ ನವೆಂಬರ್‌ನಲ್ಲಿ ಮೆಟ್ರೊ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದ ತನಕ ಬಂದ ಮೇಲೆ, ಬಸ್ಸಿನಲ್ಲಿ ಹೋಗುವವರಿಗೂ ಊರೊಳಗಿನ ಟ್ರಾಫಿಕ್ ಕಾಟ ಸ್ವಲ್ಪ ತಪ್ಪಿದೆ. ಕಣ್ಣೆದುರಿಗೇ ಇರುವುದರ ಮೇಲೆ ಆಸೆ ಹುಟ್ಟುವುದು ಸಹಜ ಅಲ್ವಾ?

ಆ ಕಡೆಯ ದಡ ಹೇಗಿದೆ

ಇದನ್ನು ಮುಚ್ಚಿಟ್ಟು ಬರೆದರೆ ಓದುವವರಿಗೆ ಅನ್ಯಾಯವಾಗುತ್ತದೆ. ಸಾಫ್ಟ್‌ವೇರ್‌ನವರೂ ಈಗ ನೆಮ್ಮದಿಯಾಗಿಲ್ಲ. 2025ರ ಜುಲೈನಲ್ಲಿ ದೊಡ್ಡ ಸಾಫ್ಟ್‌ವೇರ್ ಕಂಪನಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇಕಡಾ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಮೇಲಿನ ಹಂತದವರು ಅಂತಲೂ ಹೇಳಿತು. ಅಂದರೆ ನಮ್ಮ ವಯಸ್ಸಿನವರು. ಇನ್ನೊಂದು ಕಡೆ, 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂತು. ಅದಾದ ಮೇಲೆ ಹೊಸಬರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಕೋಡ್ ಕೆಲಸವನ್ನು ಎಐ ನಿಮಿಷದಲ್ಲಿ ಬರೆದು ಕೊಡುತ್ತದೆ. ಒಂದು ಫಾರ್ಮ್ ಮಾಡು, ಒಂದು ಪಟ್ಟಿ ತೋರಿಸು ಅನ್ನುವಂಥ ಕೆಲಸಗಳು. ಹೊಸಬರು ಕಲಿಯುತ್ತಿದ್ದುದೇ ಇಂಥ ಕೆಲಸದಿಂದ.

ಹೊಸಬರಿಗೆ ಅಂತ ಕರೆಯುವ ಕೆಲಸಗಳ ಷರತ್ತು ಒಮ್ಮೆ ಓದಿ ನೋಡಿ. ಬಿಇ, ಎಂಸಿಎ ಆಗಿರಬೇಕು, ಇಂಥ ಇಸವಿಯಲ್ಲಿ ಪಾಸಾಗಿರಬೇಕು ಅಂತ ಇರುತ್ತದೆ. ವಯಸ್ಸಿನ ಮಾತು ಎಲ್ಲೂ ಇರುವುದಿಲ್ಲ. ಆದರೆ ಪಾಸಾದ ಇಸವಿ ಕೇಳಿದರೆ ಸಾಕು, 2005ರಲ್ಲಿ ಬಿಎಸ್ಸಿ ಮುಗಿಸಿದವರು ಅಲ್ಲೇ ಹೊರಗೆ. ಅರ್ಜಿಯನ್ನು ಮನುಷ್ಯರು ನೋಡುವ ಮುಂಚೆಯೇ ಕಂಪ್ಯೂಟರ್ ಪಕ್ಕಕ್ಕೆ ಇಟ್ಟಿರುತ್ತದೆ. ನಾನು ಮೊದಲ ಐದು ತಿಂಗಳು ಇಂಥ ಕಡೆಗೇ ಅರ್ಜಿ ಹಾಕುತ್ತಾ ಇದ್ದೆ. ಒಂದು ಕಡೆಯಿಂದಲೂ ಫೋನ್ ಬರಲಿಲ್ಲ. ನನಗೆ ಕೋಡಿಂಗ್ ಬರುವುದಿಲ್ಲ ಅಂತ ಅಂದುಕೊಂಡೆ. ನಿಜಕ್ಕೂ ನಾನು ನಿಂತಿದ್ದ ಸಾಲೇ ಬೇರೆಯವರದ್ದು. 22 ವರ್ಷದ ಹುಡುಗರ ಸಾಲು ಅದು. ಅವರಿಗೆ ಮನೆ ಸಾಲ ಇಲ್ಲ, ಮಕ್ಕಳ ಫೀಸಿಲ್ಲ. ವರ್ಷಕ್ಕೆ ಮೂರು ಮೂರೂವರೆ ಲಕ್ಷಕ್ಕೆ ಖುಷಿಯಾಗಿ ಸೇರುತ್ತಾರೆ.

ಕಲಿಯುವುದು

ಕಲಿಯಲು ದುಡ್ಡು ಬೇಡ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಕೋಡಿಂಗ್ ಕಲಿಸುವ ಫ್ರೀಕೋಡ್‌ಕ್ಯಾಂಪ್ ವೆಬ್‌ಸೈಟ್ 2014ರಿಂದ ಇದೆ, ಪೂರ್ತಿ ಉಚಿತ. ಅದನ್ನು ಶುರು ಮಾಡಿದ ಕ್ವಿನ್ಸಿ ಲಾರ್ಸನ್ ಕೂಡ ಮೊದಲು ಶಾಲೆ ನಡೆಸುವ ಕೆಲಸದಲ್ಲಿದ್ದು, ಆಮೇಲೆ ಕೋಡಿಂಗ್ ಕಲಿತವರು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಅನ್ನುವ ಕಂಪ್ಯೂಟರ್ ಪಾಠಗಳನ್ನು ಮನೆಯಲ್ಲೇ ಕೂತು ನೋಡಬಹುದು. ನಮ್ಮ ಐಐಟಿಗಳು ಮತ್ತು ಐಐಎಸ್ಸಿ ಸೇರಿ ಮಾಡಿದ ಆನ್‌ಲೈನ್ ಪಾಠಗಳ ಎನ್‌ಪಿಟೆಲ್ ಇದೆ. ವಾರಕ್ಕೆ 10 ಗಂಟೆ ಕೂತರೆ ವರ್ಷಕ್ಕೆ 500 ಗಂಟೆ ದಾಟುತ್ತದೆ. ಒಂದು ಭಾಷೆ, ಡೇಟಾಬೇಸ್‌ನಿಂದ ಬೇಕಾದ ಮಾಹಿತಿ ತೆಗೆಯಲು ಎಸ್‌ಕ್ಯೂಎಲ್, ಬರೆದದ್ದನ್ನು ಕಾಪಾಡಿಕೊಳ್ಳಲು ಗಿಟ್. ಇಷ್ಟಕ್ಕೆ ಆ ಹೊತ್ತು ಸಾಕಾಗುತ್ತದೆ. ಭಾಷೆ ಪೈಥಾನ್ ಆದರೂ ಸರಿ, ಜಾವಾಸ್ಕ್ರಿಪ್ಟ್ ಆದರೂ ಸರಿ. ಯಾವುದು ಒಳ್ಳೆಯದು ಅಂತ ತಿಂಗಳುಗಟ್ಟಲೆ ಚರ್ಚೆ ಮಾಡಿ ಹೊತ್ತು ಕಳೆಯಬೇಡಿ.

ಇಂಗ್ಲಿಷ್ ಭಯ ಇರುವವರಿಗೆ ಒಂದು ಮಾತು. ನಾನು ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಎರರ್ ಮೆಸೇಜಿನ ಇಂಗ್ಲಿಷ್ ಬಹಳ ಚಿಕ್ಕದು. ಅವೇ ಇಪ್ಪತ್ತು ಮೂವತ್ತು ವಾಕ್ಯ ತಿರುಗಿ ತಿರುಗಿ ಬರುತ್ತವೆ. ಒಂದು ನೋಟ್‌ಬುಕ್ಕಿನಲ್ಲಿ ಎಡಗಡೆ ಆ ವಾಕ್ಯ, ಬಲಗಡೆ ಕನ್ನಡದಲ್ಲಿ ಅದರ ಅರ್ಥ, ಕೆಳಗೆ ನಾನು ಅದನ್ನು ಸರಿ ಮಾಡಿದ ರೀತಿ ಬರೆಯುತ್ತಾ ಹೋದೆ. ಮೂರು ತಿಂಗಳಲ್ಲಿ ಭಯ ಹೋಯಿತು.

ನಾನು ಎಡವಿದ್ದು ಬೇರೆ ಕಡೆ. ಮೊದಲ ಏಳೆಂಟು ತಿಂಗಳು ವಿಡಿಯೋ ನೋಡುತ್ತಾ, ಅದರಲ್ಲಿ ಬರೆದಂತೆ ಬರೆಯುತ್ತಾ ಹೋದೆ. ಎಲ್ಲಾ ಸರಿಯಾಗಿ ಓಡುತ್ತಿತ್ತು. ಒಂದು ದಿನ ವಿಡಿಯೋ ಇಲ್ಲದೆ ಖಾಲಿ ಸ್ಕ್ರೀನ್ ತೆರೆದು ಕೂತೆ. ಒಂದು ಸಾಲೂ ಬರಲಿಲ್ಲ. ಅವತ್ತಿನ ಸಂಕಟ ಇನ್ನೂ ನೆನಪಿದೆ. ಫೀಲ್ಡಿನಲ್ಲಿ ನಮಗೆ ಅಭ್ಯಾಸವಾದ ರೀತಿಯೇ ಹಾಗೆ. ಕಂಪನಿ ಕೊಟ್ಟ ಮಾತುಗಳನ್ನು ಬಾಯಿಪಾಠ ಮಾಡಿ ಡಾಕ್ಟರ ಮುಂದೆ ಒಪ್ಪಿಸುವುದು. ಡಾಕ್ಟರ ಮುಂದೆ "ಗೊತ್ತಿಲ್ಲ" ಅನ್ನುವ ಹಾಗಿಲ್ಲ, ಏನಾದರೂ ಹೇಳಿ ಸಂಭಾಳಿಸಬೇಕು. ಕೋಡಿಂಗ್‌ನಲ್ಲಿ ಆ ಅಭ್ಯಾಸ ಉಲ್ಟಾ ಹೊಡೆಯುತ್ತದೆ. ನನಗೆ ಎಲ್ಲಿ ತಿಳಿಯಲಿಲ್ಲ ಅನ್ನುವುದನ್ನು ಗುರುತಿಸಿಕೊಳ್ಳದೆ ಮುಂದಕ್ಕೆ ಹೋಗಲು ಆಗುವುದೇ ಇಲ್ಲ.

06/27

ನನಗೆ ದಾರಿ ಸಿಕ್ಕಿದ್ದು ಒಂದು ಸ್ಟಾಕಿಸ್ಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಮಾತೆಲ್ಲಾ ನಿಂತಿರುವುದು ಇದರ ಮೇಲೆಯೇ.

ಔಷಧಿ ಸ್ಟಾಕಿಸ್ಟ್‌ಗಳಿಗೆ ದೊಡ್ಡ ತಲೆನೋವು ಎಕ್ಸ್‌ಪೈರಿ ಮಾಲು. ಅವಧಿ ಮುಗಿದದ್ದನ್ನು ಕಂಪನಿ ವಾಪಸ್ ತಗೊಳ್ಳುತ್ತದೆ, ಆದರೆ ಅದಕ್ಕೊಂದು ಗಡುವು ಇರುತ್ತದೆ. ಗಡುವು ದಾಟಿದರೆ ನಷ್ಟ ಪೂರ್ತಿ ಅಂಗಡಿಯವರದ್ದು. ನನಗೆ ಪರಿಚಯವಿದ್ದ ಯಜಮಾನ್ರ ಅಂಗಡಿಯಲ್ಲಿ ಪ್ರತಿ ತಿಂಗಳು ಒಬ್ಬ ಹುಡುಗ ಎರಡು ದಿನ ರ್‍ಯಾಕ್‌ಗಳ ಮುಂದೆ ಕೂತು, ಒಂದೊಂದೇ ಮಾತ್ರೆ ಸ್ಟ್ರಿಪ್ ತೆಗೆದು ನೋಡುತ್ತಿದ್ದ. ಅವರ ಕಂಪ್ಯೂಟರಿನಲ್ಲಿ ಸ್ಟಾಕಿನ ಎಕ್ಸೆಲ್ ಫೈಲ್ ಇತ್ತು. ಮುಂದಿನ ಮೂರು ತಿಂಗಳಲ್ಲಿ ಅವಧಿ ಮುಗಿಯುವ ಮಾಲಿನ ಪಟ್ಟಿಯನ್ನು ನಾನೇ ಪೈಥಾನ್‌ನಲ್ಲಿ ತೆಗೆದುಕೊಡುತ್ತೇನೆ ಅಂತ ಒಂದು ಭಾನುವಾರ ಕೂತೆ. ಮೂವತ್ತು ಸಾಲಿನ ಪ್ರೋಗ್ರಾಂ. ಓಡಿಸಿದೆ, ಪಟ್ಟಿ ಬಂತು. ಯಜಮಾನ್ರು ಕನ್ನಡಕ ಹಾಕಿಕೊಂಡು ನೋಡಿ, "ಇದೇನಯ್ಯಾ, ಮೊನ್ನೆ ಬಂದ ಮಾಲನ್ನೂ ಎಕ್ಸ್‌ಪೈರಿ ಅಂತಿದೆಯಲ್ಲಾ?" ಅಂದರು.

ರ್‍ಯಾಕಿನಿಂದ ಆ ಮಾತ್ರೆಯ ಸ್ಟ್ರಿಪ್ ತಂದು ನೋಡಿದೆ. ಅದರ ಮೇಲೆ 06/27 ಅಂತ ಅಚ್ಚಾಗಿತ್ತು. 2027ರ ಜೂನ್. ಎಕ್ಸೆಲ್‌ನಲ್ಲಿ ಅದು ಅದೇ ವರ್ಷದ ಜೂನ್ 27 ಆಗಿ ಕೂತಿತ್ತು. ಆ ಕಂಪ್ಯೂಟರಿನಲ್ಲಿ ತಾರೀಕಿನ ಸೆಟ್ಟಿಂಗ್ ಅಮೆರಿಕದ ರೀತಿ ಇತ್ತು, ಅಂದರೆ ಮೊದಲು ತಿಂಗಳು, ಆಮೇಲೆ ದಿನ. ಹುಡುಗ 06/27 ಅಂತ ಟೈಪ್ ಮಾಡಿದ ತಕ್ಷಣ ಎಕ್ಸೆಲ್ ಅದನ್ನು ದಿನಾಂಕ ಅಂದುಕೊಂಡು ಆ ವರ್ಷದ ಇಸವಿ ಹಚ್ಚಿತ್ತು. ಇಸವಿಯ 27 ಅಲ್ಲಿ ದಿನವಾಗಿ ಬದಲಾಗಿತ್ತು. ಫೈಲ್ ಪೂರ್ತಿ ಹೀಗೇ.

ಸರಿ ಮಾಡುವುದು ಕಷ್ಟವೇನೂ ಇರಲಿಲ್ಲ. ದಿನದ ಜಾಗದಲ್ಲಿ ಕೂತಿದ್ದ ಅಂಕಿಯನ್ನು ಇಸವಿ ಅಂತ ತಗೊಂಡೆ. ಆಮೇಲೆ ಆ ತಿಂಗಳ ಕೊನೆಯ ದಿನವನ್ನು ಅವಧಿ ಅಂತ ಇಟ್ಟೆ. ಯಾಕೆಂದರೆ ಸ್ಟ್ರಿಪ್ ಮೇಲೆ ಜೂನ್ ಅಂತಿದ್ದರೆ ಆ ಔಷಧಿಯನ್ನು ಜೂನ್ 30ರ ತನಕ ಮಾರಬಹುದು. ಈ ಎರಡನ್ನೂ ನಾನು ಯಾವ ಕೋರ್ಸಿನಲ್ಲೂ ಕಲಿತಿರಲಿಲ್ಲ. 14 ವರ್ಷ ಮೆಡಿಕಲ್ ಶಾಪುಗಳ ಕೌಂಟರ್ ಮುಂದೆ ನಿಂತು ಗೊತ್ತಾಗಿದ್ದು. ಇಂಜಿನಿಯರಿಂಗ್ ಮುಗಿಸಿದ ಒಳ್ಳೆಯ ಹುಡುಗ ನನಗಿಂತ ಹತ್ತು ಪಟ್ಟು ಚೆನ್ನಾಗಿ ಕೋಡ್ ಬರೆಯುತ್ತಾನೆ. ಆದರೆ ಆ ಪಟ್ಟಿ ತಪ್ಪು ಅಂತ ಅವನಿಗೆ ಅನುಮಾನವೇ ಬರುತ್ತಿರಲಿಲ್ಲ.

ಆರು ತಿಂಗಳ ನಂತರ ಈಗಿನ ಕಂಪನಿಯ ಇಂಟರ್‌ವ್ಯೂನಲ್ಲಿ ನಾನು ತೋರಿಸಿದ್ದು ಇದೇ ಪ್ರೋಗ್ರಾಂ. ಮುಕ್ಕಾಲು ಗಂಟೆ ಇದರ ಬಗ್ಗೆಯೇ ಕೇಳಿದರು. ಸ್ಕೀಮ್ ಮಾಲು ಹೇಗೆ ಲೆಕ್ಕ ಹಾಕುತ್ತೀರಿ ಅಂತ ಕೇಳಿದರು. ಹತ್ತಕ್ಕೆ ಒಂದು ಫ್ರೀ ಅಂದರೆ ಬಿಲ್ಲಿನಲ್ಲಿ ಹತ್ತು, ಸ್ಟಾಕಿನಲ್ಲಿ ಹನ್ನೊಂದು, ವಾಪಸ್ ಬಂದಾಗ ಫ್ರೀ ಬಂದದ್ದನ್ನು ಏನು ಮಾಡುವುದು? ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರ ತಲೆ ತಿನ್ನುವ ಪ್ರಶ್ನೆ ಅದು. ನನಗೆ ಅದು ದಿನಾ ನೋಡಿದ್ದ ವಿಷಯ. ಡಿಗ್ರಿ ಯಾವ ವರ್ಷ ಅಂತ ಅಲ್ಲಿ ಯಾರೂ ಕೇಳಲಿಲ್ಲ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಇದರ ಬೆಲೆ ಮತ್ತೊಮ್ಮೆ ಗೊತ್ತಾಯಿತು. ಹೆಚ್ಚಿನ ಔಷಧಿಗಳ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಕೋಡ್ ಒಳಗೆ ನೇರವಾಗಿ 12 ಅಂತ ಬರೆದಿಟ್ಟಿದ್ದರೆ ಅದನ್ನು 5 ಮಾಡಿದರೆ ಆಯ್ತಲ್ಲ ಅನ್ನಿಸಬಹುದು. ಆದರೆ ಆಗಸ್ಟ್‌ನಲ್ಲಿ ಹಾಕಿದ ಬಿಲ್ಲಿನ ಮೇಲೆ ಅಕ್ಟೋಬರ್‌ನಲ್ಲಿ ಕ್ರೆಡಿಟ್ ನೋಟ್ (ವಾಪಸ್ ಬಂದ ಮಾಲಿನ ಹಣ ಕಳೆದುಕೊಡುವ ಚೀಟಿ) ಕೊಟ್ಟರೆ ಅದಕ್ಕೆ ಆಗಸ್ಟ್‌ನ ದರವೇ ಬೇಕು. ಆದ್ದರಿಂದ ದರವನ್ನು ತಾರೀಕಿನ ಜೊತೆ ಒಂದು ಟೇಬಲ್‌ನಲ್ಲಿ ಇಡಬೇಕು. ಹಳೆಯ ಮಾಲು ತಿಂಗಳುಗಟ್ಟಲೆ ವಾಪಸ್ ಬರುತ್ತಲೇ ಇರುತ್ತದೆ ಅನ್ನುವುದು ಗೋಡೌನ್ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಮಾರ್ಕೆಟಿಂಗ್‌ನಿಂದ ಬರುವವರು ಆ ಹದಿನೈದು ವರ್ಷವನ್ನು ಬಾವಿಗೆ ಹಾಕಿ ಹೊಸಬರ ಸಾಲಿಗೆ ಹೋಗಿ ನಿಲ್ಲಬಾರದು. ಅದನ್ನು ಜೊತೆಗೇ ತರಬೇಕು. ಬೀಜ, ಗೊಬ್ಬರ ಮಾರಿದವರಿಗೆ ಕೃಷಿ ಕಂಪನಿಗಳ ಆ್ಯಪ್ ಮಾಡುವವರ ಹತ್ತಿರ ಬೆಲೆ ಇದೆ. ಟೈಲ್ಸ್ ಮಾರಿದವರಿಗೆ ಡೀಲರ್ ಆರ್ಡರ್, ಉದ್ರಿ, ಒಡೆದ ಮಾಲಿನ ಲೆಕ್ಕ ಗೊತ್ತು. ಇನ್ಶೂರೆನ್ಸ್‌ನವರಿಗೆ ಕ್ಲೇಮ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಗೊತ್ತು. ಮೊದಲ ಕೆಲಸದ ಹೆಸರು "ಡೆವಲಪರ್" ಅಂತಲೇ ಇರಬೇಕು ಅಂತ ಹಟ ಹಿಡಿಯಬೇಡಿ. ಇಂಪ್ಲಿಮೆಂಟೇಶನ್, ಸಪೋರ್ಟ್, ಟೆಸ್ಟಿಂಗ್, ಡೇಟಾ ರಿಪೋರ್ಟ್ ಯಾವುದಾದರೂ ಸರಿ. ಗಿರಾಕಿಯ ಅಂಗಡಿಗೆ ಹೋಗಿ ಸಾಫ್ಟ್‌ವೇರ್ ಕೂರಿಸಿ, ಅವರ ಸಿಟ್ಟು ಕೇಳಿಸಿಕೊಂಡು, ಎಲ್ಲಿ ತಪ್ಪಾಗಿದೆ ಅಂತ ಕೋಡ್ ಬರೆಯುವವರಿಗೆ ತಿಳಿಯುವ ಹಾಗೆ ಹೇಳುವವರು ಪ್ರತಿ ಕಂಪನಿಗೂ ಬೇಕು. ನಾನೂ ಮೊದಲ ಹತ್ತು ತಿಂಗಳು ಅದನ್ನೇ ಮಾಡಿದೆ. ಕೋಡ್ ಬರೆಯಲು ಕೊಟ್ಟಿದ್ದು ಆಮೇಲೆ. ಕೆಲವರು ಇಂಪ್ಲಿಮೆಂಟೇಶನ್‌ನಲ್ಲೇ ಉಳಿದು ನೆಮ್ಮದಿಯಾಗಿದ್ದಾರೆ. ಅದೂ ಪೂರ್ತಿ ಕೆಲಸವೇ.

ಮನೆಯ ಲೆಕ್ಕ

ನಾನು ಈ ವಿಷಯ ಎತ್ತಿದಾಗ ನನ್ನ ಹೆಂಡತಿ ಬೇಡ ಅನ್ನಲಿಲ್ಲ. "ಎರಡು ವರ್ಷ ನೋಡೋಣ. ಆದ್ರೆ ಅತ್ತೆ ಔಷಧಿ ದುಡ್ಡು, ಮಗಳ ಫೀಸು, ಇವೆರಡಕ್ಕೂ ಕೈ ಹಾಕ್ಬೇಡಿ" ಅಂದಳು. ಆ ಒಂದು ಮಾತಿನಿಂದ ನಾನು ಕೆಲಸ ಬಿಡದೆ ಕಲಿತೆ. ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ. ರಾಜೀನಾಮೆ ಕೊಟ್ಟು ಕಲಿಯಲು ಹೋಗಬೇಡಿ. ಕೈಯಲ್ಲಿ ಟೈಮ್ ಜಾಸ್ತಿ ಇರುತ್ತದೆ ನಿಜ, ಆದರೆ ನಾಲ್ಕನೇ ತಿಂಗಳಿಗೆ ಇಎಂಐ ತಲೆ ಮೇಲೆ ಕೂತಾಗ ಒಂದು ಸಾಲೂ ತಲೆಗೆ ಹೋಗುವುದಿಲ್ಲ.

ಸಂಬಳ ಇಳಿಯುತ್ತದೆ. ನನಗೆ ಮೂರನೇ ಒಂದು ಭಾಗ ಇಳಿಯಿತು. ಹಳೆಯ ಮಟ್ಟಕ್ಕೆ ಬರಲು ಎರಡೂವರೆ ವರ್ಷ ಹಿಡಿಯಿತು. ಎಂಆರ್ ಕೆಲಸದಲ್ಲಿ ಟಿಎ (ಪ್ರಯಾಣ ಭತ್ಯೆ), ಡಿಎ (ದಿನಭತ್ಯೆ), ಇನ್ಸೆಂಟಿವ್ ಸೇರಿ ಕೈಗೆ ಬರುತ್ತಿದ್ದುದನ್ನೇ ಸಂಬಳ ಅಂದುಕೊಂಡಿರುತ್ತೇವೆ. ಹೊಸ ಕಡೆ ಅವು ಇರುವುದಿಲ್ಲ, ಪೆಟ್ಟು ಇನ್ನೂ ಜೋರಾಗಿ ತಗಲುತ್ತದೆ. ಹಾಗಾಗಿ ಎರಡು ಸಂಬಳ ಹೋಲಿಸುವಾಗ ಬೇಸಿಕ್ (ಮೂಲ ವೇತನ) ಎಷ್ಟು ಅಂತ ನೋಡಿ.

ಹಳೆಯ ಕಂಪನಿಯಿಂದ ಬರಬೇಕಾದ್ದನ್ನು ಬಿಡಬೇಡಿ. ಐದು ವರ್ಷ ಮುಗಿಸಿದವರಿಗೆ ಗ್ರಾಚ್ಯುಟಿ ಹಕ್ಕು. ಕೊನೆಯ ತಿಂಗಳ ಬೇಸಿಕ್ ಮತ್ತು ತುಟ್ಟಿಭತ್ಯೆ (ಇದನ್ನೂ ಡಿಎ ಅಂತಾರೆ, ಫೀಲ್ಡಿನ ದಿನಭತ್ಯೆ ಅಲ್ಲ) ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ಒಂದು ವರ್ಷದ ಲೆಕ್ಕ ಸಿಗುತ್ತದೆ. ತಿಂಗಳಿಗೆ 26,000 ಇದ್ದವರಿಗೆ ವರ್ಷಕ್ಕೆ 15,000. ಹದಿನೈದು ವರ್ಷ ಅಂದರೆ 2,25,000 ರೂಪಾಯಿ. ಸಂಬಳ ಇಳಿದ ಮೊದಲ ವರ್ಷವನ್ನು ದಾಟಿಸಲು ಈ ಹಣ ದೊಡ್ಡ ಆಸರೆ. ಪಿಎಫ್ ಮಾತ್ರ ಒಡೆಯಬೇಡಿ, ಹೊಸ ಕಂಪನಿಗೆ ವರ್ಗಾಯಿಸಿ. ಪಿಎಫ್‌ನ ಪಿಂಚಣಿ ಸಿಗಲು ಹತ್ತು ವರ್ಷದ ಸೇವೆ ಬೇಕು, ಹತ್ತು ತುಂಬುವ ಮುಂಚೆ ಪಿಂಚಣಿಯ ಹಣವನ್ನೂ ತೆಗೆದುಬಿಟ್ಟರೆ ಆ ಲೆಕ್ಕ ತಪ್ಪುತ್ತದೆ.

ಇನ್ನೊಂದನ್ನು ತುಂಬಾ ಜನ ಮರೆಯುತ್ತಾರೆ. ಕಂಪನಿಯ ಆರೋಗ್ಯ ವಿಮೆ ಕೆಲಸ ಬಿಟ್ಟ ದಿನಕ್ಕೆ ಮುಗಿಯುತ್ತದೆ. ಮೊದಲೇ ಇರುವ ಕಾಯಿಲೆಗೆ ಹೊಸ ಪಾಲಿಸಿಯಲ್ಲಿ ಮೂರು ವರ್ಷದ ತನಕ ಕಾಯಿಸಬಹುದು ಅಂತ ನಿಯಮವೇ ಇದೆ. ಬಿಪಿ, ಸಕ್ಕರೆ ಇರುವವರು ಕೆಲಸದಲ್ಲಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿಕೊಂಡರೆ ಆ ಕಾಯುವ ಸಮಯ ಅಲ್ಲೇ ಕಳೆಯುತ್ತದೆ.

ಕೈ ಹಿಡಿದು ಕರೆಯುವವರ ಬಗ್ಗೆ ಹುಷಾರು

ಅರ್ಜಿ ಹಾಕಿ ಹಾಕಿ ಸೋತಿದ್ದಾಗ ನಾನೊಂದು ತರಬೇತಿ ಸಂಸ್ಥೆಗೆ ಹೋಗಿದ್ದೆ. "ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಅಂದರು. ಫೀಸು ಕಂತಿನಲ್ಲಿ ಕಟ್ಟಿ ಅಂದರು. ಸಹಿ ಹಾಕಿದ ಮೇಲೆ ಗೊತ್ತಾಯಿತು, ಅದು ಕಂತಲ್ಲ, ಒಂದು ಫೈನಾನ್ಸ್ ಕಂಪನಿಯಿಂದ ನನ್ನ ಹೆಸರಿಗೆ ತೆಗೆದ ಸಾಲ. ಮೂರನೇ ತಿಂಗಳಿಗೆ ಪಾಠ ಹೇಳುವವರು ಬರುವುದು ನಿಂತಿತು. ಸಾಲದ ಕಂತು ನಿಲ್ಲಲಿಲ್ಲ. ಪೂರ್ತಿ ಕಟ್ಟಿದೆ. ಸಹಿ ಹಾಕುವ ಮುಂಚೆ ಕಾಗದದಲ್ಲಿ ಸಾಲ ಕೊಡುವವರ ಹೆಸರು ಇದೆಯಾ ಅಂತ ನೋಡಿ. ಇದ್ದರೆ ಪಾಠ ನಿಂತರೂ ಬಾಕಿ ನಿಮ್ಮದೇ.

ಇದಕ್ಕಿಂತ ಕೆಟ್ಟದ್ದು ಸುಳ್ಳು ಅನುಭವದ ಪತ್ರ. "ಮೂರು ವರ್ಷ ಡೆವಲಪರ್ ಆಗಿದ್ದಿರಿ ಅಂತ ಲೆಟರ್ ಕೊಡ್ತೀವಿ, ಒಳಗೆ ಹೋದ್ಮೇಲೆ ಕಲ್ಕೊಳ್ಳಿ" ಅನ್ನುವವರಿದ್ದಾರೆ. ಹೊಟ್ಟೆಪಾಡಿಗೆ ಒದ್ದಾಡುವವರಿಗೆ ಅದು ಆಸೆ ಹುಟ್ಟಿಸುತ್ತದೆ. ಆದರೆ ನಮ್ಮ ಪಿಎಫ್ ಯುಎಎನ್ ನಂಬರಿನಲ್ಲಿ ಯಾವ ತಿಂಗಳು ಯಾವ ಕಂಪನಿಯಲ್ಲಿದ್ದೆವು ಅನ್ನುವುದು ದಾಖಲಾಗಿರುತ್ತದೆ. ಕಂಪನಿಗಳು ಸೇರಿಸಿಕೊಳ್ಳುವ ಮುಂಚೆ ಅದನ್ನು ನೋಡುತ್ತವೆ. ಡೆವಲಪರ್ ಆಗಿದ್ದೆ ಅಂತ ಹೇಳಿದ ಮೂರು ವರ್ಷ ನಿಮ್ಮ ಪಿಎಫ್ ಔಷಧಿ ಕಂಪನಿಯಿಂದ ಕಟ್ಟಿರುತ್ತದೆ. ಸಿಕ್ಕಿಬಿದ್ದರೆ ಕೆಲಸ ಹೋಗುವುದಷ್ಟೇ ಅಲ್ಲ, ನಿಜವಾದ ಹದಿನೈದು ವರ್ಷವನ್ನೂ ಯಾರೂ ನಂಬುವುದಿಲ್ಲ. ನಮ್ಮ ಬಲವೇ ಅದು. ಅದನ್ನು ಸುಳ್ಳಿನ ಕೆಳಗೆ ಯಾಕೆ ಬಚ್ಚಿಡಬೇಕು? ಡಿಗ್ರಿಯೇ ಅಡ್ಡ ಬರುತ್ತಿದ್ದರೆ ಇಗ್ನೋದಲ್ಲಿ ದೂರಶಿಕ್ಷಣದಲ್ಲಿ ಎಂಸಿಎ ಮಾಡುವ ದಾರಿ ಇದೆ. ಎರಡು ವರ್ಷ ಹೋಗುತ್ತದೆ, ಆದರೆ ಯಾರೂ ಪ್ರಶ್ನೆ ಮಾಡುವಂತಿಲ್ಲ.

ಎಐ ಬಂದ ಮೇಲೂ ಕಲಿಯಬೇಕಾ?

ನಾನೂ ದಿನಾ ಎಐ ಬಳಸುತ್ತೇನೆ. ಅಂದು ಭಾನುವಾರ ಪೂರ್ತಿ ಕೂತು ಬರೆದ ಪ್ರೋಗ್ರಾಂ ಈಗ ಒಂದು ನಿಮಿಷದ ಕೆಲಸ. ಬಹುಶಃ ನಾನು ಬರೆದದ್ದಕ್ಕಿಂತ ಚೆನ್ನಾಗಿಯೇ ಬರೆಯುತ್ತದೆ. ಆದರೆ 06/27 ಅಂದರೆ ಏನು ಅಂತ ನಾವು ಹೇಳದಿದ್ದರೆ, ತಪ್ಪಾದ ಫೈಲ್ ಕೊಟ್ಟು ಪಟ್ಟಿ ಕೇಳಿದರೆ, ಅದು ಕೊಡುವ ಪಟ್ಟಿಯನ್ನು ಸುಮ್ನೆ ನಂಬಲು ಆಗುವುದಿಲ್ಲ. ತಪ್ಪು ಪಟ್ಟಿಯನ್ನೂ ಅಷ್ಟೇ ಅಚ್ಚುಕಟ್ಟಾಗಿ ಕೊಡಬಹುದು. ನೋಡಿದವರಿಗೆ ಅನುಮಾನ ಬರಬೇಕು. ಅನುಮಾನ ಬಂದ ಮೇಲೆ ಕೋಡ್ ಒಳಗೆ ಇಳಿದು ಎಲ್ಲಿ ತಪ್ಪಿದೆ ಅಂತ ಓದಲು ಬರಬೇಕು. ಮೊದಲನೆಯದು ಫೀಲ್ಡಿನಿಂದ ಬರುತ್ತದೆ. ಎರಡನೆಯದನ್ನು ಕಲಿಯಲೇಬೇಕು, ಅದಕ್ಕೆ ಅಡ್ಡದಾರಿ ನನಗೆ ಕಂಡಿಲ್ಲ. ಕಲಿಯುವ ದಿನಗಳಲ್ಲಿ ಎಐಗೆ ಉತ್ತರ ಕೇಳುವ ಬದಲು, "ನನ್ನ ಕೋಡಿನಲ್ಲಿ ಈ ಸಾಲು ಯಾಕೆ ತಪ್ಪು, ಉತ್ತರ ಹೇಳಬೇಡ, ಸುಳಿವು ಕೊಡು" ಅಂತ ಕೇಳಿ. ಕನ್ನಡದಲ್ಲೇ ಕೇಳಬಹುದು. ನನ್ನ ಕಾಲಕ್ಕೆ ಇಂಥ ಮೇಷ್ಟ್ರು ಸಿಕ್ಕಿರಲಿಲ್ಲ.

ಎಲ್ಲರಿಗೂ ಇದು ಸರಿಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಜನರ ಜೊತೆ ಮಾತಾಡದೆ ಒಂದು ದಿನ ಇರಲಾರೆ ಅನ್ನುವವರಿಗೆ ದಿನಾ ಎಂಟು ಗಂಟೆ ಸ್ಕ್ರೀನ್ ಮುಂದೆ ಕೂರುವುದು ಶಿಕ್ಷೆ. ಬರೀ ಮ್ಯಾನೇಜರ್ ಕಾಟಕ್ಕೆ ಬೇಸತ್ತು ಹೊರಟವರಿಗೆ ಇಲ್ಲಿಯೂ ಮ್ಯಾನೇಜರ್ ಇರುತ್ತಾರೆ, ಇಲ್ಲಿಯೂ ಗಡುವು ಇರುತ್ತದೆ. ಮೊದಲು ಮೂರು ತಿಂಗಳು ಕೂತು ನೋಡಿ. ತಪ್ಪು ಹುಡುಕುತ್ತಾ ಎರಡು ಗಂಟೆ ಹೋಗಿದ್ದೇ ಗೊತ್ತಾಗದ ದಿನ ಒಂದಾದರೂ ಬಂದರೆ ಮುಂದುವರಿಸಿ.

ರೈಲಿನಲ್ಲಿ ಕೇಳಿದ ಗೆಳೆಯನೊಬ್ಬನಿದ್ದಾನೆ. 41 ವರ್ಷ, ಶಿರಾ ಕಡೆಯವನು, ಇನ್ನೂ ಎಂಆರ್ ಕೆಲಸದಲ್ಲೇ ಇದ್ದಾನೆ. ಐದು ತಿಂಗಳಿಂದ ಬೆಳಿಗ್ಗೆ ಐದಕ್ಕೆ ಎದ್ದು ಕೂರುತ್ತಿದ್ದಾನೆ. ಹೋದ ವಾರ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಅಣ್ಣ, ಯಾವ ಡಾಕ್ಟ್ರನ್ನ ಎರಡು ತಿಂಗಳಿಂದ ನೋಡಿಲ್ಲ ಅನ್ನೋದು ಎಸ್‌ಕ್ಯೂಎಲ್‌ನಲ್ಲಿ ಬಂತು!" ಅಂದ. ಆ ಪಟ್ಟಿಯಲ್ಲಿ ಪಾವಗಡದ ಒಬ್ಬ ಡಾಕ್ಟರ ಹೆಸರು ಎರಡು ಸಲ ಬಂದಿತ್ತಂತೆ. ಒಂದು ಕಡೆ ಇನಿಶಿಯಲ್ ಹಿಂದೆ, ಇನ್ನೊಂದು ಕಡೆ ಮುಂದೆ. ಅದನ್ನು ಹೇಗೆ ಒಂದು ಮಾಡುವುದು ಅಂತ ಕೇಳಿದ. ನಾನು ಹೇಳಲಿಲ್ಲ. ಬರುವ ಭಾನುವಾರ ಅವನ ಸ್ಟಾಕಿಸ್ಟ್ ಹತ್ತಿರ ಕೇಳಿ ಮೂರು ತಿಂಗಳ ಸೇಲ್ಸ್ ಫೈಲ್ ತರಲು ಹೇಳಿದ್ದೇನೆ. ಅದರಲ್ಲಿ ಇಂಥವು ಇನ್ನೂ ಎಷ್ಟಿವೆ ಅಂತ ಇಬ್ಬರೂ ಕೂತು ನೋಡುತ್ತೇವೆ.